ಗೇರುಬೀಜ ನೋಡಲು ಘಾನಾಕ್ಕೆ ಹೊರಟಿದ್ದೇನೆ: ವೀಸಾ, ಹಳದಿ ಕಾರ್ಡ್, ಮಲೇರಿಯಾ ಬಗ್ಗೆ ಗೊತ್ತಿದ್ದವರು ಹೇಳಿ

ಕಾರ್ಕಳದವ · ಜನವರಿ 20

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಫ್ಯಾಕ್ಟರಿ ಇದೆ. ಊರಿನ ಬೀಜ ಕೆಲವು ತಿಂಗಳಿಗೂ ಸಾಲುವುದಿಲ್ಲ, ಉಳಿದದ್ದು ಆಫ್ರಿಕಾದಿಂದಲೇ ಬರಬೇಕು. ಇಷ್ಟು ವರ್ಷ ದಲ್ಲಾಳಿಗಳ ಮೂಲಕ ತರಿಸುತ್ತಿದ್ದೆವು. ಕಳೆದ ವರ್ಷ ಬಂದ ಒಂದು ಕಂಟೇನರಿಗೆ ಕಾಗದದಲ್ಲಿ 48 ಔಟ್‌ಟರ್ನ್ (80 ಕಿಲೋ ಚೀಲದಿಂದ ಸಿಗುವ ತಿರುಳು, ಪೌಂಡಿನಲ್ಲಿ) ಅಂತ ಇತ್ತು. ನಾವು ಕತ್ತರಿಸಿ ನೋಡಿದರೆ 43. ಅದರ ಪೆಟ್ಟು ಇನ್ನೂ ಮಾಸಿಲ್ಲ. "ಈ ಸಲ ನೀನೇ ಹೋಗಿ ನೋಡಿ ಬಾ" ಅಂದರು ಅಪ್ಪ.

ಫೆಬ್ರವರಿ 18ಕ್ಕೆ ಬೆಂಗಳೂರಿನಿಂದ ಆಡಿಸ್ ಅಬಾಬ ಮೂಲಕ ಅಕ್ರಾ. ಅಲ್ಲಿಂದ ಗೇರು ಬೆಳೆಯುವ ಕಡೆಯ ಊರುಗಳಿಗೆ: ಟೆಚಿಮನ್, ವೆಂಚಿ, ಸಾಧ್ಯವಾದರೆ ಸಂಪಾ. ವಾಪಸ್ ಮಾರ್ಚ್ 6ಕ್ಕೆ. ಆಫ್ರಿಕಾಕ್ಕೆ ಇದೇ ಮೊದಲು.

ಏಜೆಂಟ್ ಒಬ್ಬರು "ಟೂರಿಸ್ಟ್ ವೀಸಾ ಮಾಡಿಸೋಣ, ಸುಲಭ" ಅನ್ನುತ್ತಾರೆ. ಹೌದಾ? ಹಳದಿ ಜ್ವರದ ಲಸಿಕೆ ನಿಜವಾಗಿ ಬೇಕಾ? ನಾನು ಸಸ್ಯಾಹಾರಿ, ಊಟಕ್ಕೆ ಏನು ಮಾಡುವುದು? ಮಲೇರಿಯಾ ಬಗ್ಗೆ ಅಷ್ಟು ತಲೆಕೆಡಿಸಿಕೊಂಡಿಲ್ಲ. ಮಂಗಳೂರಿನಲ್ಲಿ ಓದುವಾಗ ಎರಡು ಸಲ ಬಂದು ಹೋಗಿದೆ.

ಕುಮಾಸಿ ಅಕ್ಕ · ಜನವರಿ 20

ತಮ್ಮಾ, ಘಾನಾದ ಕುಮಾಸಿಯಲ್ಲಿ ನನಗೆ ಒಂಬತ್ತು ವರ್ಷ ಆಯಿತು. ಮೊದಲು ಕೆಲಸದ ಸರದಿ ಸರಿ ಮಾಡಿಕೊಳ್ಳಿ. ಮೊದಲು ಸೂಜಿ, ಆಮೇಲೆ ವೀಸಾ. ಹಲವರು ಇದನ್ನು ತಿರುಗಿಸಿ ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಹಳದಿ ಜ್ವರದ ಕಾರ್ಡ್ (ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಪುರಾವೆ) ಇಲ್ಲದೆ ಘಾನಾಕ್ಕೆ ಬಿಡುವುದಿಲ್ಲ. ವೀಸಾ ಅರ್ಜಿಯ ಜೊತೆಗೂ ಅದರ ನಕಲು ಇಡಬೇಕು. ಸೂಜಿ ಚುಚ್ಚಿಸಿದ ದಿನವೇ ಕಾರ್ಡ್ ಚಾಲ್ತಿಗೆ ಬರುವುದಿಲ್ಲ, 10 ದಿನ ಕಳೆಯಬೇಕು. ನೀವು 18ಕ್ಕೆ ಹೊರಡುವುದಾದರೆ ಫೆಬ್ರವರಿ 8 ಕಟ್ಟಕಡೆಯ ದಿನ. ಆದರೆ ಪಾಸ್‌ಪೋರ್ಟ್ ದೆಹಲಿಯ ಘಾನಾ ಹೈಕಮಿಷನ್ನಿಗೆ ಹೋಗಿ ಬರಬೇಕಲ್ವಾ? ಅದಕ್ಕೇ ಈ ವಾರವೇ ಚುಚ್ಚಿಸಿಕೊಳ್ಳಿ.

ಟೂರಿಸ್ಟ್ ವೀಸಾ ಬೇಡ. ನಿಮ್ಮ ಬ್ಯಾಗಿನಲ್ಲಿ ಬೀಜ ಕತ್ತರಿಸುವ ಕಟ್ಟರ್, ತೇವಾಂಶ ನೋಡುವ ಮೀಟರ್, ಪುಟ್ಟ ತಕ್ಕಡಿ ಇರುತ್ತದೆ. ಯಾಕೆ ಬಂದಿರಿ ಅಂತ ಕೇಳಿದರೆ ಏನು ಹೇಳುತ್ತೀರಿ? ಬಿಸಿನೆಸ್ ವೀಸಾ ಕೇಳಿ, ನಿಜ ಹೇಳಿ. ನೀವು ಭೇಟಿ ಮಾಡುವ ಕಂಪನಿಯಿಂದ ಆಹ್ವಾನ ಪತ್ರ, ಆ ಕಂಪನಿಯ ನೋಂದಣಿ ಪತ್ರದ ನಕಲು, ಕರೆಯುವವರ ಗುರುತಿನ ಚೀಟಿಯ ನಕಲು ತರಿಸಿಕೊಳ್ಳಿ. ಹೋಗಿ ಬರುವ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್ ನಿಮ್ಮ ಕಡೆಯಿಂದ. ಇವತ್ತಿನ ಪಟ್ಟಿ, ಶುಲ್ಕ ಎರಡನ್ನೂ ಹೈಕಮಿಷನ್ನಿನ ಸೈಟಿನಲ್ಲೇ ನೋಡಿ. ಏಜೆಂಟರ ವಾಟ್ಸಾಪ್ ಪಟ್ಟಿ ನಂಬಬೇಡಿ.

ಪುತ್ತೂರು ಮಾಣಿ · ಜನವರಿ 20

ಹಳದಿ ಕಾರ್ಡ್ ಯಾರೂ ನೋಡುವುದಿಲ್ಲ ಮಾರಾಯ್ರೇ. ನನ್ನ ಗೆಳೆಯ ಲಾಗೋಸ್‌ಗೆ ಹೋದಾಗ ಕೇಳಲೇ ಇಲ್ಲವಂತೆ.

ಹಡಗಿನವ · ಜನವರಿ 20

ಇಂಥ ಮಾತು ಕೇಳಿಯೇ ಜನ ತೊಂದರೆಗೆ ಬೀಳುವುದು. ಲಾಗೋಸ್ ಇರುವುದು ನೈಜೀರಿಯಾದಲ್ಲಿ, ಇವರು ಹೋಗುತ್ತಿರುವುದು ಘಾನಾಕ್ಕೆ. ಅಕ್ರಾದ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಕೌಂಟರಿಗೆ ಹೋಗುವ ಮೊದಲೇ ಆರೋಗ್ಯದವರು ನಿಂತು ಕಾರ್ಡ್ ಕೇಳುತ್ತಾರೆ. ನನಗೆ ಪ್ರತಿ ಸಲ ಕೇಳಿದ್ದಾರೆ.

ಅದೂ ಬಿಡಿ, ವಾಪಸ್ ಬರುವಾಗ ನಮ್ಮ ದೇಶವೇ ಕೇಳುತ್ತದೆ. ಹಳದಿ ಜ್ವರ ಇರುವ ದೇಶದಿಂದ ಕಾರ್ಡ್ ಇಲ್ಲದೆ ಬಂದರೆ 6 ದಿನದವರೆಗೆ ಪ್ರತ್ಯೇಕ ಇಡಬಹುದು. ಈ ಜ್ವರ ಹರಡುವುದು ಡೆಂಗಿ ತರುವ ಜಾತಿಯ ಸೊಳ್ಳೆಯಿಂದಲೇ. ಆ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ರೋಗ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೇ ಭಾರತ ಇಷ್ಟು ಬಿಗಿ.

ಬೆಂಗ್ಳೂರ್ ಬಸವ · ಜನವರಿ 20

ಕಾರ್ಡ್ 10 ವರ್ಷಕ್ಕೆ ಮಾತ್ರ ಅಲ್ವಾ? ನನ್ನದು 2012ರದ್ದು, ಮತ್ತೆ ಹಾಕಿಸಬೇಕಾ?

ಹಡಗಿನವ · ಜನವರಿ 20

ಬೇಡ. 2016ರ ಜುಲೈಯಿಂದ ಒಂದೇ ಡೋಸ್ ಜೀವಮಾನಕ್ಕೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಹಳೇ ಕಾರ್ಡಿಗೂ ಅದೇ. ಕಾರ್ಡಿನಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯಾ ನೋಡಿಕೊಳ್ಳಿ. ನನ್ನ ಜೊತೆಗಿದ್ದ ಒಬ್ಬರ ಕಾರ್ಡಿನಲ್ಲಿ ಒಂದು ಅಂಕಿ ತಪ್ಪಿತ್ತು. ಅರ್ಧ ಗಂಟೆ ನಿಲ್ಲಿಸಿದರು.

ಡಾಕ್ಟ್ರಮ್ಮ ಉಡುಪಿ · ಜನವರಿ 21

ಲಸಿಕೆ ಎಲ್ಲಾ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಹೆಚ್ಚಿನ ಕಡೆ ವಾರದಲ್ಲಿ ಕೆಲವೇ ದಿನ ಕೊಡುತ್ತಾರೆ. ಒಂದು ಬಾಟಲಿಯಲ್ಲಿ ಹಲವರಿಗೆ ಆಗುವಷ್ಟು ಡೋಸ್ ಇರುತ್ತದೆ, ತೆರೆದ ಮೇಲೆ ಬೇಗ ಮುಗಿಸಬೇಕು, ಅದಕ್ಕೆ ಜನ ಸೇರಿಸಿ ಕೊಡುತ್ತಾರೆ. ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಮೊಟ್ಟೆಯ ತೀವ್ರ ಅಲರ್ಜಿ ಇದ್ದರೆ ಅಲ್ಲೇ ಹೇಳಿ.

ಇನ್ನು ಕಾರ್ಕಳದವರೇ, ನಿಮ್ಮ ಕೊನೆಯ ಸಾಲು ಓದಿ ನನಗೆ ಭಯವಾಯಿತು. ಮಂಗಳೂರಿನಲ್ಲಿ ನಿಮಗೆ ಬಂದದ್ದು ಬಹುಶಃ ವೈವಾಕ್ಸ್ ಜಾತಿಯ ಮಲೇರಿಯಾ. ನಡುಗಿಸುತ್ತದೆ, ಸುಸ್ತು ಮಾಡುತ್ತದೆ, ಜೀವ ತೆಗೆಯುವುದು ಕಡಿಮೆ. ಘಾನಾದಲ್ಲಿ ಇರುವುದು ಹೆಚ್ಚುಕಡಿಮೆ ಎಲ್ಲ ಫಾಲ್ಸಿಪಾರಮ್. ಅದು ಮೆದುಳಿಗೆ, ಕಿಡ್ನಿಗೆ ಏರಬಹುದು. ಒಂದೆರಡು ದಿನ ತಡವಾದರೂ ಪ್ರಾಣಕ್ಕೆ ಕುತ್ತು. ಎರಡಕ್ಕೂ ಹೆಸರು ಒಂದೇ ಅಂತ ಎರಡೂ ಒಂದೇ ಅಂದುಕೊಳ್ಳಬೇಡಿ.

ಪುತ್ತೂರು ಮಾಣಿ · ಜನವರಿ 21

ಹಾಗಾದರೆ ಅಲ್ಲಿನ ಕೋಟ್ಯಂತರ ಜನ ಹೇಗೆ ಬದುಕುತ್ತಾರೆ ಡಾಕ್ಟ್ರೇ? ಅವರೇನು ದಿನಾ ಮಾತ್ರೆ ನುಂಗುತ್ತಾರಾ? ಸುಮ್ನೆ ಹೆದರಿಸುವುದು ಜಾಸ್ತಿ ಆಯಿತು ಅನ್ನಿಸುತ್ತದೆ.

ಡಾಕ್ಟ್ರಮ್ಮ ಉಡುಪಿ · ಜನವರಿ 21

ಕೇಳಬೇಕಾದ ಪ್ರಶ್ನೆಯೇ ಕೇಳಿದಿರಿ. ಅಲ್ಲಿ ಹುಟ್ಟಿ ಬೆಳೆದವರಿಗೆ ಮಗುವಿನಿಂದಲೇ ಪದೇ ಪದೇ ಬಂದು, ದೊಡ್ಡವರಾಗುವ ಹೊತ್ತಿಗೆ ಸ್ವಲ್ಪ ತಡೆಯುವ ಶಕ್ತಿ ಬಂದಿರುತ್ತದೆ. ಅದಕ್ಕೆ ಅವರು ಕೊಟ್ಟ ಬೆಲೆ ಏನು ಗೊತ್ತಾ? ಆಫ್ರಿಕಾದಲ್ಲಿ ಮಲೇರಿಯಾದಿಂದ ಸಾಯುವವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಕಾರ್ಕಳದಿಂದ ಹೋದವರಿಗೆ ಆ ಶಕ್ತಿ ಇಲ್ಲ.

ಚಿಕ್ಕ ಪ್ರವಾಸಕ್ಕೆ ಮಾತ್ರೆ ತೆಗೆದುಕೊಳ್ಳಲೇಬೇಕು. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರು, ಅಲ್ಲಿರುವಷ್ಟು ದಿನ ದಿನಕ್ಕೊಂದು, ವಾಪಸ್ ಬಂದ ಮೇಲೂ 4 ವಾರ. ಊಟದ ಜೊತೆ, ತುಂಬಾ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ, ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ತೋಟ ಸುತ್ತುವವರು ತುಂಬುತೋಳಿನ ಅಂಗಿ ಹಾಕಿ. ಬೇರೆ ಮಾತ್ರೆಗಳೂ ಇವೆ. ಯಾವುದು ಅಂತ ನಿಮ್ಮನ್ನು ನೋಡುವ ವೈದ್ಯರು ಹೇಳಲಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಡಾಕ್ಸಿ ಅಲ್ಲ.

ಹಾಸನದ ಸುಮಾ · ಜನವರಿ 21

ಡಾಕ್ಟ್ರಮ್ಮ ಹೇಳಿದ್ದಕ್ಕೆ ನಮ್ಮ ಮನೆಯ ಕಥೆಯೇ ಸಾಕ್ಷಿ.

ನಮ್ಮ ಭಾವ ಘಾನಾದ ಟೆಮಾದಲ್ಲಿ ಮೂರು ತಿಂಗಳ ಕೆಲಸ ಮುಗಿಸಿ ಬಂದರು. ಅಲ್ಲಿದ್ದಾಗ ಮಾತ್ರೆ ತೆಗೆದುಕೊಂಡಿದ್ದರಂತೆ. ಊರಿಗೆ ಬಂದ ದಿನವೇ ನಿಲ್ಲಿಸಿದರು, ಇನ್ನೇನು ಮನೆಗೆ ಬಂದೆನಲ್ಲ ಅಂತ. ಹನ್ನೊಂದನೇ ದಿನ ಜ್ವರ ಬಂತು. ಹತ್ತಿರದ ಕ್ಲಿನಿಕ್ಕಿನಲ್ಲಿ ವೈರಲ್ ಅಂದರು. ಪ್ಲೇಟ್‌ಲೆಟ್ ಇಳಿದಾಗ ಡೆಂಗಿ ಇರಬೇಕು ಅಂದರು. ಆಗ ನಮ್ಮೂರಲ್ಲಿ ಡೆಂಗಿ ಇತ್ತು ಕೂಡ. ನಾಲ್ಕನೇ ದಿನ ಅಕ್ಕ ಫೋನಿನಲ್ಲಿ, "ಇವರು ನನ್ನನ್ನ ಯಾರು ಅಂತ ಕೇಳ್ತಿದ್ದಾರೆ ಕಣೆ" ಅಂತ ಅತ್ತಳು. ದೊಡ್ಡ ಆಸ್ಪತ್ರೆಗೆ ಒಯ್ದಾಗ ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಎಲ್ಲಿಗಾದ್ರೂ ಹೋಗಿದ್ರಾ?" ಅಷ್ಟೇ. ಒಂದು ಗಂಟೆಯಲ್ಲಿ ರಕ್ತ ಪರೀಕ್ಷೆ ಮಾಡಿ ಫಾಲ್ಸಿಪಾರಮ್ ಅಂದರು. ಐಸಿಯುನಲ್ಲಿ ಒಂಬತ್ತು ದಿನ. ಉಳಿದರು.

ನಾಲ್ಕು ದಿನ ನಾವು ಯಾರೂ ಘಾನಾ ಅನ್ನುವ ಪದವನ್ನೇ ಬಾಯಿಗೆ ತಂದಿರಲಿಲ್ಲ. ಕ್ಲಿನಿಕ್ಕಿನವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಕಾರ್ಕಳದವ · ಜನವರಿ 21

ಸುಮಾ ಅಕ್ಕ, ಓದಿ ಕೈ ತಣ್ಣಗಾಯಿತು. ನನ್ನ ಮಾತು ವಾಪಸ್ ತೆಗೆದುಕೊಂಡೆ. ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇನೆ.

ಇನ್ನೊಂದು ವಿಷಯ. ಅಪ್ಪನೂ ಬರುತ್ತೇನೆ ಅನ್ನುತ್ತಿದ್ದಾರೆ. 67 ವರ್ಷ, ಶುಗರ್ ಇದೆ.

ಡಾಕ್ಟ್ರಮ್ಮ ಉಡುಪಿ · ಜನವರಿ 21

ಹಳದಿ ಜ್ವರದ ಲಸಿಕೆ ಜೀವಂತ ವೈರಸ್ಸಿನದು. 60 ದಾಟಿದವರಿಗೆ ಮೊದಲ ಸಲ ಕೊಡುವಾಗ ಗಂಭೀರ ತೊಂದರೆಯ ಸಾಧ್ಯತೆ, ಅಪರೂಪವೇ ಆದರೂ, ಚಿಕ್ಕವರಿಗಿಂತ ಹೆಚ್ಚು. ಹೋಗಲೇಬೇಕಾ ಅನ್ನುವುದನ್ನು ತೂಗಿ ನೋಡಬೇಕು. ನಿಮ್ಮ ತಂದೆಯವರ ವಿಷಯದಲ್ಲಿ ನಾನಾಗಿದ್ದರೆ ಈ ಸಲ ಬೇಡ ಅನ್ನುತ್ತಿದ್ದೆ.

ಮಂಡ್ಯ ಗೌಡ · ಜನವರಿ 22

ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲವಲ್ಲ! ನಾನು ಅಕ್ರಾದಲ್ಲಿ ಎರಡು ವರ್ಷ ಇದ್ದೆ. ಅಲ್ಲಿನ ಫುಫು ನಮ್ಮ ಮುದ್ದೆಯ ಅಣ್ಣತಮ್ಮ. ಮರಗೆಣಸು, ಬಾಳೆಕಾಯಿ ಬೇಯಿಸಿ ಒರಳಲ್ಲಿ ಕುಟ್ಟುತ್ತಾರೆ. ಒಬ್ಬರು ಒನಕೆ ಎತ್ತಿ ಕುಟ್ಟುವಾಗ ಇನ್ನೊಬ್ಬರು ನಡುವೆ ಕೈ ಹಾಕಿ ಮುದ್ದೆ ತಿರುಗಿಸುತ್ತಾರೆ, ನೋಡಿದರೆ ಎದೆ ಝಲ್ ಅನ್ನುತ್ತದೆ. ತಿನ್ನುವುದೂ ನಮ್ಮ ಹಾಗೇ. ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಮೊದಲ ದಿನ ನಾನು ನುಂಗಿದ್ದು ನೋಡಿ ಹೋಟೆಲಿನ ಅಮ್ಮ ಚಪ್ಪಾಳೆ ತಟ್ಟಿದರು.

ಬೆಂಗ್ಳೂರ್ ಬಸವ · ಜನವರಿ 22

ಫುಫು ಅಂಟು ಗೌಡ್ರೇ. ರಾಗಿ ಮುದ್ದೆಗೆ ಹೋಲಿಸಬೇಡಿ. ಮುದ್ದೆಗೆ ಹತ್ತಿರ ಅಂದರೆ ಬಾಂಕು, ಆದರೆ ಅದು ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟು.

ಮಂಡ್ಯ ಗೌಡ · ಜನವರಿ 22

ಗಂಟಲಿಗೆ ಇಳಿಯುವುದು ಹೇಗೆ ಅನ್ನುವುದು ಮುಖ್ಯ ಸ್ವಾಮಿ!

ಕುಮಾಸಿ ಅಕ್ಕ · ಜನವರಿ 22

ಇಬ್ಬರೂ ಇರಿ, ಆ ಹುಡುಗ ಸಸ್ಯಾಹಾರಿ. ಫುಫು ಜೊತೆಗಿನ ಸಾರಿನಲ್ಲಿ ಮಾಂಸವೋ ಮೀನೋ ಇದ್ದೇ ಇರುತ್ತದೆ.

ತಮ್ಮಾ, ನಿಮಗೆ ವಾಚೆ. ಅನ್ನ ಮತ್ತು ಅಲಸಂದೆ ಥರದ ಕಾಳನ್ನು ಜೋಳದ ಒಣ ಎಲೆ ಹಾಕಿ ಒಟ್ಟಿಗೆ ಬೇಯಿಸುತ್ತಾರೆ, ಕಂದು ಬಣ್ಣ ಬರುತ್ತದೆ. ಬೆಳಿಗ್ಗೆ ರಸ್ತೆ ಬದಿಯಲ್ಲಿ ಎಲೆಯಲ್ಲಿ ಕಟ್ಟಿಕೊಡುತ್ತಾರೆ. ಆದರೆ ಅದರ ಮೇಲೆ ಹಾಕುವ ಶಿಟೊ ಅನ್ನುವ ಕಪ್ಪು ಖಾರದಲ್ಲಿ ಒಣ ಮೀನು, ಸಿಗಡಿ ಇರುತ್ತದೆ. "ಶಿಟೊ ಬೇಡ, ಮೀನು ಬೇಡ, ಮಾಂಸ ಬೇಡ" ಅಂತ ಮೂರನ್ನೂ ಬೇರೆ ಬೇರೆ ಹೇಳಿ. ಮಾಂಸ ಬೇಡ ಅಂದರೆ ಮೀನು ಹಾಕುತ್ತಾರೆ, ಪ್ರೀತಿಯಿಂದಲೇ. ರೆಡ್ ರೆಡ್ ಅಂತ ಕಾಳಿನ ಪಲ್ಯ ಇದೆ, ಕೆಂಪು ತಾಳೆಣ್ಣೆಯದು, ಜೊತೆಗೆ ಕರಿದ ಸಿಹಿ ಬಾಳೆ. ಅದಕ್ಕೂ ಮೀನು ಸೇರಿಸುವುದುಂಟು, ಕೇಳಿಯೇ ತಿನ್ನಿ. ಸಂಜೆಗೆ ಕೆಲೆವೆಲೆ, ಶುಂಠಿ ಖಾರ ಹಚ್ಚಿ ಕರಿದ ಬಾಳೆ. ನಮ್ಮ ಮಕ್ಕಳು ಅದನ್ನು ಬಿಟ್ಟು ಬೇರೆ ತಿಂಡಿ ಕೇಳುವುದಿಲ್ಲ. ಟೆಚಿಮನ್ ದಾಟಿದ ಮೇಲೆ ಆಯ್ಕೆ ಕಡಿಮೆ. ಅವಲಕ್ಕಿ, ಚಟ್ನಿಪುಡಿ ತನ್ನಿ.

ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲೇ. ನಮಗೆ ಇದು ಹೇಳಿಕೊಡಬೇಕಾಗಿಲ್ಲ, ಆದರೆ ಅವಸರದಲ್ಲಿ ಟ್ಯಾಕ್ಸಿಯವರಿಗೆ ಎಡಗೈಯಲ್ಲಿ ಹಣ ಚಾಚಿಬಿಡುತ್ತೇವೆ. ಹಳ್ಳಿಯಲ್ಲಿ ಕೆಲಸದ ಮಾತಿಗೆ ಮೊದಲು ಎಲ್ಲರಿಗೂ ನಮಸ್ಕಾರ ಹೇಳಿ. ಸೇನೆಯ ಬಟ್ಟೆಯಂಥ ಹಸಿರು ಚುಕ್ಕೆಯ ಪ್ಯಾಂಟು, ಟೋಪಿ ತರಬೇಡಿ, ಅಲ್ಲಿ ಸಾಮಾನ್ಯ ಜನ ಅದನ್ನು ಹಾಕುವ ಹಾಗಿಲ್ಲ.

ಬೀಜದ ಶೆಟ್ರು · ಜನವರಿ 23

ನಾನು ಇದೇ ವ್ಯಾಪಾರದಲ್ಲಿ ಇರುವವ. ಘಾನಾ, ಐವರಿ ಕೋಸ್ಟ್, ಬೆನಿನ್ ಎಲ್ಲಾ ಸುತ್ತಿದ್ದೇನೆ. ಯಾರೂ ಹೇಳದ ಎರಡು ಮಾತು ಹೇಳುತ್ತೇನೆ.

ಒಂದು, ಸಂಪಾ. ಅದು ಐವರಿ ಕೋಸ್ಟಿನ ಗಡಿಗೆ ಅಂಟಿಕೊಂಡ ಪೇಟೆ. ಅಲ್ಲಿನವರು ಆಚೆ ಈಚೆ ಓಡಾಡುತ್ತಿರುತ್ತಾರೆ. ಪಶ್ಚಿಮ ಆಫ್ರಿಕಾದ ಒಕ್ಕೂಟದ ನಾಗರಿಕರಿಗೆ ವೀಸಾ ಬೇಡ. "ಬನ್ನಿ ಸಾರ್, ಆಚೆ ಒಳ್ಳೆ ಬೀಜ ಇದೆ, ಹತ್ತೇ ನಿಮಿಷ" ಅನ್ನುತ್ತಾರೆ. ಹೋಗಬೇಡಿ. ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ಬೇರೆ ವೀಸಾ ಬೇಕು. ಅವರ ಇ-ವೀಸಾ ನಡೆಯುವುದು ಅಬಿಜಾನ್ ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೆ. ನಿಮ್ಮದು ಸಿಂಗಲ್ ಎಂಟ್ರಿ ಆದರೆ ಗಡಿ ದಾಟಿದ ಕ್ಷಣ ಘಾನಾ ವೀಸಾವೂ ಮುಗಿಯಿತು. ಸಾಲದ್ದಕ್ಕೆ ಐವರಿ ಕೋಸ್ಟಿನಲ್ಲಿ ಕಚ್ಚಾ ಬೀಜ ಭೂಮಾರ್ಗವಾಗಿ ಹೊರಗೆ ಸಾಗಿಸುವುದು ಅಪರಾಧ. ಆ ಗೊಡವೆಯ ಹತ್ತಿರವೂ ಸುಳಿಯಬೇಡಿ.

ಎರಡು, ಮುಂಗಡ. ಪರಿಚಯ ಇಲ್ಲದವರು ಚೀಲ ಚೀಲ ಬೀಜ ತುಂಬಿದ ಗೋದಾಮು ತೋರಿಸಿ "ಮುಂಗಡ ಕೊಟ್ಟರೆ ನಿಮ್ಮದೇ" ಅನ್ನುತ್ತಾರೆ. ಗೋದಾಮು ಬೇರೆಯವರದ್ದಾಗಿರುತ್ತದೆ. ಚಿನ್ನದ ಪುಡಿ ಅಂತ ಬರುವವರೂ ಉಂಟು. ಒಂದು ಪೈಸೆ ಕೊಡಬೇಡಿ. ಚೀಲ ನೀವೇ ಆರಿಸಿ. ಮೇಲಿನ ಸಾಲಿನದ್ದಲ್ಲ, ಒಳಗಿನದ್ದು, ಅಡಿಯದ್ದು. ಒಂದು ಕಿಲೋ ಎಣಿಸಿ, ಕತ್ತರಿಸಿ. ಗಟ್ಟಿ ತಿರುಳು ಬೇರೆ, ಚುಕ್ಕೆಯದ್ದು ಬೇರೆ, ಜೊಳ್ಳು ಬೇರೆ. ಗಟ್ಟಿಯ ತೂಕಕ್ಕೆ ಚುಕ್ಕೆಯದ್ದರ ಅರ್ಧ ಸೇರಿಸಿ. ಕಿಲೋಗೆ 270 ಗ್ರಾಂ ಬಂದರೆ 80 ಕಿಲೋ ಚೀಲಕ್ಕೆ ಹತ್ತಿರ ಹತ್ತಿರ 47.6 ಪೌಂಡು. ತೇವಾಂಶ ಶೇಕಡಾ 10 ದಾಟಿದರೆ ಔಟ್‌ಟರ್ನ್ ಎಷ್ಟೇ ಇರಲಿ, ಮಂಗಳೂರು ಬಂದರಿಗೆ ಬರುವಾಗ ಅದು ಇಳಿದಿರುತ್ತದೆ. ನಿಮ್ಮ 48 ಹೋಗಿ 43 ಆದದ್ದು ಅಲ್ಲೇ ಇರಬಹುದು.

ಕಾರ್ಕಳದವ · ಜನವರಿ 23

ಶೆಟ್ರೇ, ತುಂಬಾ ಉಪಕಾರ. ದುಡ್ಡು ಹೇಗೆ ಒಯ್ಯಲಿ?

ಹಡಗಿನವ · ಜನವರಿ 23

ಡಾಲರ್. 100ರ ನೋಟು, ಹೊಸ ಸರಣಿ, ಮಡಿಕೆ ಕಲೆ ಇಲ್ಲದ್ದು. ಸಣ್ಣ ನೋಟಿಗೆ ಕಡಿಮೆ ದರ. ಒಂದು ಪ್ರವಾಸಕ್ಕೆ ನಗದು 3000 ಡಾಲರ್ ವರೆಗೆ ರಿಸರ್ವ್ ಬ್ಯಾಂಕ್ ಬಿಡುತ್ತದೆ, ಉಳಿದದ್ದು ಕಾರ್ಡಿನಲ್ಲಿ. ಬೋರ್ಡು ಇರುವ ಫಾರೆಕ್ಸ್ ಅಂಗಡಿಯಲ್ಲೇ ಸೇಡಿ (ಅಲ್ಲಿನ ಹಣ) ಮಾಡಿಸಿ, ರಸೀದಿ ಕೇಳಿ.

ಕುಮಾಸಿ ಅಕ್ಕ · ಜನವರಿ 23

ಸಿಮ್ ಪಾಸ್‌ಪೋರ್ಟ್ ತೋರಿಸಿ ಕಂಪನಿಯ ಅಂಗಡಿಯಲ್ಲೇ ಮಾಡಿಸಿ. ಅಲ್ಲಿ ಎಲ್ಲಾ ಮೊಬೈಲ್ ಹಣವೇ, "ಮೊಮೊ" ಅನ್ನುತ್ತಾರೆ. ನಮ್ಮ ಯುಪಿಐ ಬರುವ ಎಷ್ಟೋ ವರ್ಷ ಮೊದಲೇ ಆಫ್ರಿಕಾದ ಹಳ್ಳಿಗಳಲ್ಲಿ ಇದು ಓಡುತ್ತಿತ್ತು.

ಒಂದು ಮುಖ್ಯ ವಿಷಯ ಬಿಟ್ಟೆ. ವೀಸಾದಲ್ಲಿ ಬರೆದ ತಾರೀಖು ಬೇರೆ, ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತುವಾಗ ಅಧಿಕಾರಿ ಬರೆಯುವ ದಿನಗಳು ಬೇರೆ. ನೀವು ಉಳಿಯಬಹುದಾದದ್ದು ಆ ಮುದ್ರೆಯ ದಿನಗಳಷ್ಟೇ. ಕೌಂಟರಿನಿಂದ ಸರಿಯುವ ಮೊದಲು ಅದನ್ನು ಓದಿ. ಮಾರ್ಚ್ 6 ಘಾನಾದ ಸ್ವಾತಂತ್ರ್ಯ ದಿನ, ರಜೆ. ಅವತ್ತು ಅಕ್ರಾಕ್ಕೆ ಬರುವ ಯೋಚನೆ ಬೇಡ, 5ಕ್ಕೇ ಬಂದುಬಿಡಿ. ಕುಮಾಸಿಯಿಂದ ಅಕ್ರಾ ರಸ್ತೆ 250 ಕಿಲೋಮೀಟರ್, ಆದರೆ ಐದಾರು ಗಂಟೆ ಹಿಡಿಯುತ್ತದೆ. ರಾತ್ರಿ ಪ್ರಯಾಣ ಮಾಡಬೇಡಿ.

ಹಾಸನದ ಸುಮಾ · ಜನವರಿ 23

ಅಕ್ಕ, ಅಲ್ಲಿ ಹುಟ್ಟಿದ ವಾರದ ಮೇಲೆ ಹೆಸರು ಇಡುತ್ತಾರಂತೆ, ಹೌದಾ? ಭಾವನಿಗೆ ಅಲ್ಲಿ ಯಾವುದೋ ಹೆಸರಿಟ್ಟಿದ್ದರು.

ಕುಮಾಸಿ ಅಕ್ಕ · ಜನವರಿ 23

ಹೌದು ಸುಮಾ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರ ಕ್ವಾಮೆ. ಕೋಫಿ ಅನ್ನಾನ್, ಕ್ವಾಮೆ ಎನ್‌ಕ್ರೂಮಾ ಹೆಸರು ಬಂದದ್ದು ಹಾಗೆ. ಹೆಣ್ಣಿಗೆ ಶನಿವಾರವಾದರೆ ಅಮಾ. ನಾನು ಬುಧವಾರದವಳು, ಬೀದಿಯಲ್ಲಿ ಎಲ್ಲರಿಗೂ ಅಕುವಾ. ತಮ್ಮಾ, ಹುಟ್ಟಿದ ವಾರ ತಿಳಿದುಕೊಂಡು ಬನ್ನಿ, ಕೇಳಿಯೇ ಕೇಳುತ್ತಾರೆ.

ಕಾರ್ಕಳದವ · ಫೆಬ್ರವರಿ 12

ಬಿಸಿನೆಸ್ ವೀಸಾ ಬಂತು! ಲಸಿಕೆ ಜನವರಿ 24ಕ್ಕೇ ಆಯಿತು. ಅಪ್ಪ ಮನೆಯಲ್ಲೇ ಉಳಿಯುತ್ತಾರೆ. ಒಪ್ಪಿಸಲು ಎರಡು ದಿನ ಬೇಕಾಯಿತು, ಡಾಕ್ಟ್ರಮ್ಮನ ಉತ್ತರ ಓದಿ ಹೇಳಿದೆ. ಅಮ್ಮನ ಹತ್ತಿರ ಕೇಳಿದೆ, ನಾನು ಗುರುವಾರದವನಂತೆ.

ಕುಮಾಸಿ ಅಕ್ಕ · ಫೆಬ್ರವರಿ 12

ಹಾಗಾದರೆ ನೀವು ಯಾವ್. ಕುಮಾಸಿ ದಾಟುವಾಗ ಮನೆಗೆ ಊಟಕ್ಕೆ ಬರಲೇಬೇಕು. ಬರುವಾಗ ಒಂದು ಹಿಡಿ ಕರಿಬೇವಿನ ಪುಡಿ ತನ್ನಿ.

ಕಾರ್ಕಳದವ · ಮಾರ್ಚ್ 8

ಬಂದೆ. ಅಕ್ರಾದಲ್ಲೂ ಕಾರ್ಡ್ ಕೇಳಿದರು, ಬೆಂಗಳೂರಿನಲ್ಲೂ ಕೇಳಿದರು. ವೆಂಚಿಯ ಹತ್ತಿರ ಒಂದು ಗೋದಾಮಿನಲ್ಲಿ ಶೆಟ್ರು ಹೇಳಿದಂತೆ ಅಡಿಯ ಸಾಲಿನ ಚೀಲ ಎಳೆಸಿದೆ. ಮೇಲಿನದ್ದು 47 ಬಂದಿತ್ತು, ಅಡಿಯದ್ದು 44. ಮುಷ್ಟಿಯಲ್ಲಿ ಹಿಡಿದು ಕುಲುಕಿದರೆ ಒಣಗಿದ ಬೀಜದ ಗಲಗಲ ಸದ್ದು ಇಲ್ಲ, ಮಂಕಾಗಿತ್ತು. ಅದನ್ನು ಬಿಟ್ಟೆ. ಮುಂದಿನ ಊರಿನಲ್ಲಿ ಒಂದು ರೈತರ ಗುಂಪಿನ ಬೀಜ ಮೂರು ಕಡೆ ಕತ್ತರಿಸಿದೆ, ಮೂರೂ 47 ಮೇಲೆ. ಒಂದು ಕಂಟೇನರ್ ಮಾತಾಡಿ ಬಂದಿದ್ದೇನೆ. ಮುಂಗಡ ಇಲ್ಲ, ಹಡಗಿಗೆ ಏರಿಸುವಾಗ ತಪಾಸಣೆ. ಅಪ್ಪ ಮಾದರಿಯ ಬೀಜ ಕತ್ತರಿಸಿ ನೋಡುತ್ತಾ ಕೂತಿದ್ದಾರೆ.

ಅಕ್ಕನ ಮನೆಯ ಸಾರು ಅನ್ನ ಮರೆಯುವುದಿಲ್ಲ.

ಡಾಕ್ಟ್ರಮ್ಮ ಉಡುಪಿ · ಮಾರ್ಚ್ 8

ಮಾತ್ರೆ ನಡೀತಿದೆಯಾ?

ಕಾರ್ಕಳದವ · ಮಾರ್ಚ್ 8

ಹೌದು ಡಾಕ್ಟ್ರೇ. ಏಪ್ರಿಲ್ 3ರ ವರೆಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಡಿಗೆಮನೆಯಲ್ಲಿ ತೂಗುಹಾಕಿದ್ದೇನೆ. ಜ್ವರ ಬಂದರೆ ಮೊದಲು ಘಾನಾ ಅಂತ ಹೇಳಬೇಕು ಅನ್ನುವುದು ಮನೆಯವರಿಗೆಲ್ಲ ಬಾಯಿಪಾಠ ಆಗಿದೆ.